ಜೆಲ್ ನುಂಗಿ ಅತ್ತೆಯ ಗೇಟು ದಾಟಿದ್ದು

ಪತ್ರಿಕೆಯಲ್ಲಿ ಉಪದೇಶ ಬರೆಯುವುದರಲ್ಲಿ ಒಂದು ಅಪಾಯವಿದೆ: ಯಾರಾದರೂ ಅದನ್ನು ಓದಿಬಿಡುತ್ತಾರೆ. ದೂರ ಓಡುವವರು ನಡುನಡುವೆ ಪುಟ್ಟ ಪೊಟ್ಟಣದಲ್ಲಿ ಬರುವ ಸಿಹಿ ಎನರ್ಜಿ ಜೆಲ್ ತಿನ್ನಬೇಕು, ಸ್ಪೋರ್ಟ್ಸ್ ಡ್ರಿಂಕ್ ಕುಡಿಯಬೇಕು ಎಂದು ನಾನು ಬರೆದದ್ದನ್ನು ಓದಿದವನು ನಮ್ಮ ಕಚೇರಿಯ ಮಲಯಾಳಿ ಫೋಟೋಗ್ರಾಫರ್ ಬಿಜು. "ಚೇಟ್ಟಾ, ನೀವು ಬಸ್ಸು ಹಿಡಿಯೋಕೂ ಓಡಿದವರಲ್ಲವಲ್ಲ" ಎಂದ. ಆ ಮಾತಿನ ಬಿಸಿಯಲ್ಲೇ ಪುಲ್ಪಳ್ಳಿಯ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆ. ಎಲ್ಲರ ಹಿಂದೆ ಒಂದು ಜೀಪು ಬರುತ್ತದೆ; ಅದು ಯಾರನ್ನು ದಾಟಿತೋ ಅವರು ಓಟ ಬಿಟ್ಟು ಅದನ್ನೇ ಹತ್ತಬೇಕು. ನಾನು ಹತ್ತುವ ಚಿತ್ರ ತೆಗೆಯಲು ಬಿಜು ಅದರ ಮುಂದಿನ ಸೀಟಿನಲ್ಲೇ ಕೂತಿದ್ದ.

ಯಾವ ಸುದ್ದಿಗೂ ಎರಡು ಮೂಲ ಬೇಕೆಂಬುದು ನಮ್ಮ ಕಸುಬಿನ ಅಭ್ಯಾಸ. ಹಾಗಾಗಿ ಓಟದ ನಡುವೆ ಜೆಲ್ಲನ್ನೂ ಡ್ರಿಂಕನ್ನೂ ಒಟ್ಟಿಗೇ ಇಳಿಸಿದೆ. ಜೆಲ್ ಜೊತೆ ಬರೀ ನೀರು ಕುಡಿಯಬೇಕೆಂದು ಲೇಖನದ ಕೊನೆಯಲ್ಲಿ ನಾನೇ ಬರೆದಿದ್ದೆ. ಎಲ್ಲ ಓದುಗರಂತೆ ನಾನೂ ಕೊನೆಯವರೆಗೆ ಹೋಗಿರಲಿಲ್ಲ. ಹೊಟ್ಟೆ ಗುಡುಗತೊಡಗಿತು. ಕಾಫಿ ತೋಟದ ತಿರುವಿನಾಚೆ ಜೀಪಿನ ಸದ್ದೂ ಕೇಳಿಸಿತು.

ಆಗ ಸೋದರತ್ತೆಯ ಗೇಟು ಬಂತು. ಕರ್ನಾಟಕದ ಕಡೆಯಿಂದ ಎಂದೋ ಬಂದು ಇಲ್ಲಿ ನೆಲೆನಿಂತ ನಮ್ಮವರಲ್ಲಿ, ನೆಂಟರ ಗೇಟನ್ನು ಬಾಯಿಗೇನೂ ಹಾಕದೆ ದಾಟಿದರೆ ಜಗಳವಿದೆ ಎಂದೇ ಅರ್ಥ. ಅತ್ತೆ ರಸ್ತೆಗೇ ಇಳಿದು ನಿಂತಿದ್ದರು. ಜೀಪಿನ ವಿಷಯ ಏದುಸಿರಿನಲ್ಲೇ ವಿವರಿಸಿದೆ.

"ಬರ್ಲಿ ಮೋನೇ. ಅವರಿಗೂ ಹಸಿವಿರಲ್ವಾ?"

ಅತ್ತೆ ನನ್ನ ಕೈಲಿದ್ದ ಇನ್ನೊಂದು ಜೆಲ್ ಇಸಿದುಕೊಂಡು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದರು. ಕರುವಿಗೆ ಹೊಟ್ಟೆ ಕೆಟ್ಟಾಗ ಕೊಡುವ ಮದ್ದು ಇದಕ್ಕಿಂತ ರುಚಿ ಎಂದು ತೀರ್ಪು ಕೊಟ್ಟು, ಉಪ್ಪು ಹಾಕಿದ ಗಂಜಿತಿಳಿ ಕುಡಿಸಿದರು. ಹೊಟ್ಟೆ ಅಚ್ಚರಿಯಾಗುವಷ್ಟು ಬೇಗ ತಣ್ಣಗಾಯಿತು.

ಅಷ್ಟರಲ್ಲಿ ಜೀಪು ಬಂತು. ಅತ್ತೆ ಬೇಯಿಸಿದ ನೇಂದ್ರಬಾಳೆಯ ತಟ್ಟೆ ಹಿಡಿದು ಅದರ ಮುಂದೆಯೇ ನಿಂತುಬಿಟ್ಟರು. ಡ್ರೈವರ್ ಹಾರನ್ ಒತ್ತಲು ಸಂಕೋಚಪಟ್ಟು ಇಳಿದ. ಕ್ಯಾಮರಾ ಸೀಟಿನ ಮೇಲಿಟ್ಟು ಬಿಜುವೂ ಇಳಿದ. ಹಾಲಿಲ್ಲದ ಕಟ್ಟನ್ ಕಾಪಿ ಬಂತು; ಬಿಜುವಿನ ಊರು ಯಾವುದು, ಮದುವೆ ಆಗಿದೆಯೇ ಎಂಬ ವಿಚಾರಣೆ ಶುರುವಾಯಿತು. ಅತ್ತೆಯ ವಿಚಾರಣೆ ಬೇಗ ಮುಗಿಯುವಂಥದ್ದಲ್ಲ. ನಾನು ಸದ್ದಿಲ್ಲದೆ ಗೇಟು ದಾಟಿ ಓಟ ಮುಂದುವರಿಸಿದೆ.

ಮರುದಿನ ಓಟದ ವರದಿ ನಾನೇ ಬರೆದೆ. ನಮ್ಮ ಪ್ರತಿನಿಧಿ ಕೊನೆಯವರೆಗೂ ಜೀಪಿಗೆ ಸಿಗದೆ ಓಟ ಪೂರೈಸಿದರು ಎಂಬ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಜೀಪು ಅಷ್ಟು ಹೊತ್ತು ಎಲ್ಲಿ ನಿಂತಿತ್ತು ಎಂಬುದನ್ನು ಮಾತ್ರ ಸ್ಥಳಾಭಾವದಿಂದ ಬಿಡಬೇಕಾಯಿತು.