ನಾನು ಬಿಗಿದ ನಟ್ಟುಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಕುಳಿತಾಗಲೆಲ್ಲ ಮನೆಯ ಯಾವುದೋ ನಲ್ಲಿ ಸೋರುವ ಸದ್ದು ಕಿವಿಗೆ ಬಿದ್ದು, ಪಾನಾ ಹಿಡಿದು ಎದ್ದುಹೋಗಿದ್ದೇನೆ. ಈಗ ನಲ್ಲಿಗಳೆಲ್ಲ ಮುಗಿದವು. ಬರೆಯದೆ ಗತಿಯಿಲ್ಲ.

ಬೇರೆಯವರು ಮುಗಿಸಿದ ಕೆಲಸಕ್ಕೆ ತಾನೂ ಒಮ್ಮೆ ಕೈ ಹಾಕದಿದ್ದರೆ ಊಟ ಸೇರದಂಥ ಜನರಿರುತ್ತಾರೆ. ನಾನು ಅವರಲ್ಲಿ ಒಬ್ಬ. ಗದಗ ಕಡೆಯ ಹಳ್ಳಿಯಲ್ಲಿ ಹೈಸ್ಕೂಲು ಮುಗಿಸಿ ನೌಕಾಪಡೆ ಸೇರಿ, ಹಡಗಿನ ಎಂಜಿನ್ ಕೋಣೆಯಲ್ಲಿ ವಯಸ್ಸು ಕಳೆದು, ಕೊನೆಗೆ ವಿಶಾಖಪಟ್ಟಣದಲ್ಲೇ ಉಳಿದುಬಿಟ್ಟವನು. ಯಾವ ನಟ್ಟೂ ಸಡಿಲ ಇರಬಾರದು ಎಂದು ಹಡಗಿನಲ್ಲಿ ಕಲಿಸಿದರು. ಪ್ರತಿಯೊಂದು ನಟ್ಟಿಗೂ ಇಷ್ಟೇ ಬಿಗಿ ಎಂಬ ಅಳತೆ ಇದೆ, ಅದನ್ನು ನೋಡಲು ಬೇರೆ ಪಾನಾ ಇದೆ ಎಂದೂ ಕಲಿಸಿದರು. ನಿವೃತ್ತನಾಗಿ ಬರುವಾಗ ಮೊದಲನೆಯ ಪಾಠವನ್ನು ಮನೆಗೆ ತಂದೆ. ಎರಡನೆಯದನ್ನು ಹಡಗಿನಲ್ಲೇ ಬಿಟ್ಟು ಬಂದೆ. ನಮ್ಮ ಮನೆಯ ಉಪ್ಪಿನಕಾಯಿ ಬಾಟಲಿಗಳನ್ನು ಕೇಳಿದರೆ ಅವೇ ಹೇಳುತ್ತವೆ. "ನೀವು ತಿರುವಿದ ಮುಚ್ಚಳ ತಗೀಲಿಕ್ಕೆ ನಾ ಇನ್ನೊಬ್ಬ ಗಂಡನ್ನ ಹುಡುಕಬೇಕು ನೋಡ್ರಿ" ಎಂದು ನನ್ನಾಕೆ ಈಗಲೂ ಅನ್ನುತ್ತಾಳೆ.

ನಮ್ಮ ಸೊಸೆ ವಿಜಯವಾಡದ ಹುಡುಗಿ. ಋಷಿಕೊಂಡದ ಗುಡ್ಡದ ಮೇಲಿನ ಆಫೀಸಿಗೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಸಮುದ್ರದ ಪಕ್ಕದ ಆ ರಸ್ತೆಯಲ್ಲಿ ಕಾರು ಓಡಿಸುವುದೆಂದರೆ ಅವಳಿಗೆ ಹಬ್ಬ. ಅತ್ತೆಯಿಂದ ಕನ್ನಡ ಕಲಿತಳು. ತೆಲುಗಿನ ಬಾಯಲ್ಲಿ ಗದಗಿನ ಮಾತು ಕೇಳುವುದು ನಮಗೆ ಹಬ್ಬ.

ಒಂದು ಸಲ, ನನ್ನ ಹಾಗೇ ಹಡಗಿನ ಕೆಲಸ ಹಿಡಿದ ಮಗ ಸಮುದ್ರದಲ್ಲಿದ್ದಾಗ, ನಾವು ಮೂವರೂ ವಿಜಯವಾಡಕ್ಕೆ ಬೀಗರ ಮನೆಗೆ ಹೊರಟೆವು. ದೂರದ ದಾರಿ ಎಂದು ಹಿಂದಿನ ದಿನ ಕಾರನ್ನು ಟೈರಿನ ಅಂಗಡಿಗೆ ಒಯ್ದೆ. ಅವರು ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ, ಬ್ಯಾಲೆನ್ಸ್ ಮಾಡಿ, ಗಾಳಿ ತುಂಬಿ ಕಳಿಸಿದರು. ನನಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವನೇ ಪಾನಾದ ಹಿಡಿಕೆಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು, ಗಾಲಿಯ ನಟ್ಟುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿದೆ. ನಟ್ಟು ಕಿರ್ ಎಂದಾಗ ನನಗೆ ಬಲು ತೃಪ್ತಿಯಾಯಿತು.

ಹೆದ್ದಾರಿಯಲ್ಲಿ ಸೊಸೆ ಓಡಿಸುತ್ತಿದ್ದಳು. ಟೋಲ್‌ಗೇಟಿನ ಮುಂದೆ ಬ್ರೇಕ್ ಒತ್ತಿದಳೋ ಇಲ್ಲವೋ, ಸ್ಟೇರಿಂಗ್ ಚಳಿಜ್ವರ ಬಂದವರ ಹಾಗೆ ನಡುಗಿತು.

"ಮಾವಾರ, ಬ್ರೇಕ್ ಒತ್ತಿದಾಗ ಅಷ್ಟ ನಡಗತೈತ್ರಿ. ಸುಮ್ನ ಓಡುವಾಗ ಏನೂ ಇಲ್ಲ. ಟೈರ್ ಬಿಚ್ಚಿ ಹಾಕುವಾಗ ಏನರ ಆಗೇತೇನೋ" ಎಂದಳು.

"ಟೈರು ನಾನ ಖುದ್ದ ನೋಡೇನಿ. ನಿನ್ನ ಕಾಲು ಭಾರ ಐತಿ, ಯವ್ವಾ. ಹಗುರಕ ಒತ್ತು" ಎಂದೆ.

ಪಾಪ, ಹಗುರವಾಗಿ ಒತ್ತಿದಳು. ಆಗಲೂ ನಡುಗಿತು. ಮತ್ತೊಂದು ಟೋಲ್‌ಗೇಟು ಬಂತು, ಮತ್ತೊಂದು ಉಪದೇಶ ಕೊಟ್ಟೆ. "ಆ ಹುಡುಗೀನ ಸುಮ್ನ ಬಿಡ್ರಿ" ಎಂದು ಹಿಂದಿನ ಸೀಟಿನಿಂದ ನನ್ನಾಕೆ ಗದರಿದಳು. ನಾನು ಬಿಡಲಿಲ್ಲ. ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಾಗ, ಅವಳ ಅಪ್ಪ ಅಮ್ಮನ ಎದುರಿಗೇ, ನನ್ನ ಹರಕು ತೆಲುಗಿನಲ್ಲಿ, "ನಿಮ್ಮ ಹುಡುಗಿಯ ಕಾಲು ಬಲು ಭಾರ, ಬ್ರೇಕೇ ಹಾಳುಮಾಡಿದಳು" ಎಂದು ನಗೆಯಾಡಿದೆ. ಎಲ್ಲರೂ ನಕ್ಕರು. ಅವಳೂ ನಕ್ಕು, ಮೊಸರು ತರುವ ನೆಪದಲ್ಲಿ ಒಳಗೆ ಹೋದಳು. ಅಷ್ಟಕ್ಕೂ ನಿಲ್ಲಿಸದೆ, ಪೈಪು ಸಿಕ್ಕಿಸಿ ಅದರ ಮೇಲೆ ನಿಂತು ನಟ್ಟು ಬಿಗಿಯುವ ನನ್ನ ಜಾಣ್ಮೆಯನ್ನೂ ಬೀಗರಿಗೆ ವರ್ಣಿಸಿದೆ.

ಮಧ್ಯಾಹ್ನ ಬೀಗರು ನನ್ನನ್ನೂ ಕಾರನ್ನೂ ಗ್ಯಾರೇಜುಗಳೇ ತುಂಬಿದ ಆಟೋನಗರಕ್ಕೆ ಕರೆದೊಯ್ದರು. ಅಲ್ಲಿನ ಮೇಸ್ತ್ರಿ ದೊಡ್ಡ ಬಾಯಿಯ ಮನುಷ್ಯ. ನಟ್ಟು ಬಿಚ್ಚಲು ಹೋಗಿ, ಪಾನಾ ಜಾರಿ, ಮುಗ್ಗರಿಸಿ, ಆ ನಟ್ಟಿನ ವಂಶವನ್ನೆಲ್ಲ ಬೈದ. ಕೊನೆಗೆ ಬಿಚ್ಚಿ, ಬ್ರೇಕಿನ ಡಿಸ್ಕನ್ನು ತಿರುಗಿಸಿ ನೋಡಿ, "ಎವರು ಬಿಗಿಂಚಾರಂಡಿ ಇದಿ?" ಎಂದು ಕೂಗಿದ. ಯಾರು ಬಿಗಿದದ್ದು ಎಂದು. ಒಂದು ನಟ್ಟು ಹೆಚ್ಚು, ಒಂದು ಕಡಿಮೆ ಹೀಗೆ ಜೀವ ಹಿಂಡಿದ್ದಕ್ಕೆ ಡಿಸ್ಕ್ ಸೊಟ್ಟಗಾಗಿದೆ, ಬ್ರೇಕ್ ಹಿಡಿದಾಗ ನಡುಗುವುದು ಅದೇ ಎಂದು ತೋರಿಸಿದ.

"ಟೈರಿನ ಅಂಗಡಿಯವರು" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಬೀಗರು ನನ್ನ ಮುಖ ನೋಡಲಿಲ್ಲ. ಮೇಲೆ ತಿರುಗದೆ ನಿಂತಿದ್ದ ಫ್ಯಾನನ್ನು ನೋಡುತ್ತ, "ಪೋನೀಲೆಂಡಿ, ಬಾವಗಾರು" ಎಂದರು. ಹೋಗಲಿ ಬಿಡಿ ಎಂದು. ತಾವು ಬಾಯಿ ಬಿಡದೆ, ಮಗಳಿಗೆ ನಾನೇ ಹೇಳಲಿ ಎಂದು ಆ ಮಾತನ್ನು ನನ್ನ ಪಾಲಿಗೆ ಬಿಟ್ಟರು. ಅಂಥ ಮರ್ಯಾದೆಯನ್ನು ನನ್ನಂಥವನಿಗೆ ಕೊಡಬಾರದಿತ್ತು.

ಡಿಸ್ಕ್ ಸಾಣೆ ಹಿಡಿಸಿ ಮರಳಿದಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು. "ಏನಾಗಿತ್ರಿ ಮಾವಾರ?"

"ಡಿಸ್ಕ್ ಸೊಟ್ಟಗಾಗಿತ್ತು."

"ನನ್ನ ಕಾಲಿಂದಾನ?"

ಅಲ್ಲ ಎಂಬ ಎರಡಕ್ಷರ ಸಾಕಿತ್ತು. ಬೀಗಿತ್ತಿ ಮಜ್ಜಿಗೆ ತಂದರು. ನಾನು ಮಜ್ಜಿಗೆ ಕುಡಿದೆ.

ವಾಪಸು ಬರುವಾಗ ನಾನು ಓಡಿಸಿದೆ. ಅವಳು ಹಿಂದೆ ಕುಳಿತಳು. ಬ್ರೇಕ್ ನುಣ್ಣಗೆ ಹಿಡಿಯುತ್ತಿತ್ತು. ಅಷ್ಟು ನುಣುಪಾದ ಬ್ರೇಕು ಯಾರಿಗೂ ಅಷ್ಟು ಹಿಂಸೆ ಕೊಟ್ಟಿರಲಿಕ್ಕಿಲ್ಲ. ಅಂದಿನಿಂದ ಅವಳು ಆಫೀಸಿನ ವ್ಯಾನಿನಲ್ಲೇ ಹೋಗುತ್ತಾಳೆ. 'ಮಾವಾರ' ಹೋಗಿ 'ಮಾವಯ್ಯಗಾರು' ಬಂತು. ಮರ್ಯಾದೆ ಹೆಚ್ಚಾಯಿತು, ನಗು ಕಡಿಮೆಯಾಯಿತು. ಬೀಗರು ಫೋನು ಮಾಡಿದಾಗಲೆಲ್ಲ, "ಅಮ್ಮಾಯಿ ಕಾರು ನಡುಪುತೋಂದಾ, ಬಾವಗಾರು?" ಎಂದು ಕೇಳುತ್ತಾರೆ. ಹುಡುಗಿ ಕಾರು ಓಡಿಸುತ್ತಿದ್ದಾಳಾ ಎಂದು. ಅವರು ಕೇಳುವುದು ಕಾರಿನ ವಿಷಯವಲ್ಲ ಎಂದು ನನಗೂ ಗೊತ್ತು. "ವ್ಯಾನೇ ಅನುಕೂಲ ಅಂತಾಳೆ" ಎನ್ನುತ್ತೇನೆ.

ಮೊನ್ನೆ ನನ್ನಾಕೆಗೆ ಸಿಂಹಾಚಲಂ ಗುಡ್ಡದ ದೇವಸ್ಥಾನಕ್ಕೆ ಹೋಗಬೇಕೆನಿಸಿತು. ನನ್ನ ಕಣ್ಣಿಗೆ ಪೊರೆ, ಮಗ ಊರಲ್ಲಿಲ್ಲ. ಧೈರ್ಯ ಮಾಡಿ ಸೊಸೆಗೆ, "ನೀನ ಓಡಸವಾ" ಎಂದೆ. ಅವಳ ಮಾತಿನಲ್ಲಿ ಕೊಂಕು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. "ಬ್ಯಾಡ್ರಿ. ಅತ್ತೀನ ಕೂಡಿಸಿಕೊಂಡು ಘಾಟ್ ಹತ್ತೂದು, ನನ್ನ ಕಾಲು ಭಾರ ಐತಲ್ರಿ" ಎಂದು ನಿಜವಾಗಿಯೂ ನಂಬಿ ಹೇಳಿ, ಆಟೋ ಕರೆಯಲು ಹೊರಗೆ ಹೋದಳು.

ಅದಕ್ಕೇ ಇದನ್ನು ಬರೆದೆ. ಬರೆದು ಮುಗಿಸಿ ಎದೆ ಹಗುರವಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಹೊಳೆಯಿತು. ನಮ್ಮ ಸೊಸೆ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನೀವೆಲ್ಲ ಓದಬಹುದು, ಅವಳೊಬ್ಬಳನ್ನು ಬಿಟ್ಟು. ಅಂಥ ಜಾಗ ನೋಡಿಯೇ ತಪ್ಪೊಪ್ಪಿಕೊಂಡಿದ್ದೇನೆ, ಮುದಿ ಕಳ್ಳ. ಈಗ ಅವಳು ಒಳಗೆ ಅತ್ತೆಯ ಜೊತೆ ಅವರೆಕಾಯಿ ಬಿಡಿಸುತ್ತಿದ್ದಾಳೆ. ಇಲ್ಲಿಂದ ಕರೆದರೆ ಕೇಳಿಸುತ್ತದೆ. ಅವಳ ಹೆಸರು ಶಿರೀಷಾ.