ನೀಲಿ ಕೊಂಡಿ ಹಾಕದ ಅರ್ಜಿ

ಪ್ರತಿಯೊಂದು ಅರ್ಜಿಯೂ ಒಂದು ಮರ. ಅದರ ಬೇರು ಮೇಲಿರುತ್ತದೆ, ಎಲೆಗಳು ಕೆಳಗಿರುತ್ತವೆ. ಇದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಚಿತ್ತಾಪುರದಲ್ಲಿ ತೆರೆಯಲಾದ ಅರ್ಜಿ ವೃಕ್ಷೀಕರಣ ಶಾಖೆಯ ಮೊದಲ ನಿಯಮ. ಸದರಿ ಶಾಖೆಯ ಗುಮಾಸ್ತನೂ ಈ ಭಾಗದ ಏಕೈಕ ವೃಕ್ಷತಜ್ಞನೂ ಆದ ಅಮೃತಪ್ಪನೆಂಬ ನಾನು, ನಡೆದದ್ದನ್ನು ನಡೆದಂತೆ ವರದಿ ಮಾಡುತ್ತಿದ್ದೇನೆ.

ನನಗೆ ಈ ತಜ್ಞತೆ ಬಂದದ್ದು ಬೆಂಗಳೂರಿನ ಎರಡು ದಿನಗಳ ತರಬೇತಿಯಿಂದ. ಅರ್ಜಿಯಲ್ಲಿ ಒಂದು ವಿಷಯ ಶುರುವಾದಲ್ಲಿ ಕೆಂಪು ಪೆನ್ಸಿಲ್ಲಿನಿಂದ ಒಂದು ಕೊಂಡಿ ಬರೆಯಬೇಕು. ಮುಗಿದಲ್ಲಿ ನೀಲಿ ಕೊಂಡಿ. ಎರಡು ಕೊಂಡಿಗಳ ನಡುವೆ ಬಂದದ್ದೆಲ್ಲ ಆ ವಿಷಯದ ಮಕ್ಕಳು, ಮರದಲ್ಲಿ ಅದರ ಕೆಳಗೆ ತೂಗಬೇಕು. ಕೆಂಪು ಕೊಂಡಿಯ ಪಾಠ ಮೊದಲ ದಿನ ಆಯಿತು. ನೀಲಿಯ ಪಾಠದ ದಿನ ನಾನು ಲಾಲ್‌ಬಾಗಿಗೆ ಹೋಗಿದ್ದೆ. ಮರಗಳ ವಿಷಯವೇ ಆದ್ದರಿಂದ ಅದನ್ನೂ ಕರ್ತವ್ಯದಲ್ಲಿ ಸೇರಿಸಿಕೊಂಡಿದ್ದೇನೆ.

ಹೀಗಾಗಿ ನೀಲಿ ಕೊಂಡಿಯ ನಿಯಮಗಳನ್ನು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕೂತಾಗ ನಾನೇ ರಚಿಸಿದೆ. ಅರ್ಜಿದಾರನು ತನ್ನ ಮಾತು ಮುಗಿಯಿತೆಂದು ತಾನೇ ಹೇಳುವತನಕ ನೀಲಿ ಕೊಂಡಿ ಹಾಕತಕ್ಕದ್ದಲ್ಲ. ಒಂದು ಕಾಗದದ ಒಡಲಲ್ಲಿರುವ ಮತ್ತೊಂದು ಕಾಗದಕ್ಕೆ, ಎಲ್ಲಕ್ಕೂ ಹೊರಗಿನ ಕಾಗದದ ಅರ್ಜಿದಾರರ ಒಪ್ಪಿಗೆಯಿಲ್ಲದೆ ಮಂಜೂರಾತಿ ಕೊಡತಕ್ಕದ್ದಲ್ಲ. ನೀಲಿ ಕೊಂಡಿ ಬಿದ್ದ ಅರ್ಜಿಯನ್ನು ವಿಲೇವಾರಿಯಾಯಿತೆಂದು ತಿಳಿದು, ಒಡಲಲ್ಲಿರುವುದರ ಸಮೇತ ಸುಟ್ಟು, ಅದರಿಂದಾದ ಕೆಲಸಗಳನ್ನು ರದ್ದುಪಡಿಸತಕ್ಕದ್ದು. ಕೊನೆಯದನ್ನು ಬರೆಯುತ್ತಿರುವಾಗಲೇ ಗಾಡಿ ಬಂದುಬಿಟ್ಟಿದ್ದರಿಂದ ಅದರ ಮೇಲೆ ಹೆಚ್ಚು ವಿಚಾರ ಮಾಡಲು ಆಗಲಿಲ್ಲ.

ಶಾಖಾಧಿಕಾರಿ ಶೌಕತ ಅಲಿ ಸಾಹೇಬರು ಎಲ್ಲವನ್ನೂ ಓದಿದರು. "ಏನೂ ತಿಳೀಲಿಲ್ಲ ಅಮೃತಪ್ಪ. ಅಂದಮ್ಯಾಲ ಇದು ಬೆಂಗಳೂರಿಂದೇ ಇರಬೇಕು," ಎಂದು ಸಹಿ ಹಾಕಿದರು.

ಶಾಖೆಗೆ ಬಂದ ಮೊದಲ ಅರ್ಜಿದಾರಳು ರಾವೂರಿನ ಸಾಬಮ್ಮ. ಅವಳು ಹೇಳಿದ್ದನ್ನು ನಾನು ದೊಡ್ಡ ವಹಿಯಲ್ಲಿ ಬರೆದುಕೊಂಡೆ.

"ನಮ್ಮ ಸೊಸಿ ಅನಸುಬಾಯಿ ಕಾಲ ಮುರಕೊಂಡಾಳ್ರೀ. ಯಾಕಂದ್ರ ಕಲ್ಲಖಣಿ ಗುಂಡ್ಯಾಗ ಇಳದು ನೀರ ತರ್ಲಿಕತ್ತಿದ್ಲು, ಜಾರಿ ಬಿದ್ಳು. ಯಾಕಂದ್ರ ನಮ್ಮ ಓಣಿ ಬಾವಿ ಕುಸದು ಹೋಗ್ಯದ. ನಮಗ ಒಂದು ಬಾವಿ ಬೇಕ್ರೀ."

"ಮಾತು ಮುಗೀತೇನವ್ವ?" ಎಂದು ನಿಯಮದ ಪ್ರಕಾರ ಕೇಳಿದೆ.

"ಹ್ಯಾಂಗ ಮುಗೀತದ? ನೀರ ಬರೋತನಕ ನನ್ನ ಮಾತು ಮುಗಿಯಂಗಿಲ್ಲ. ಹಂಗೇ ಬರೀರಿ."

ಹಾಗೆಯೇ ಬರೆದು, ನೀಲಿ ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೆ.

ಬಳಿಕ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಅವಳ ಅರ್ಜಿಯ ಮರ ಬಿಡಿಸಿದೆ. ಕಾಲಿನ ಮಾತು ಮೊದಲು ಬಂದಿದ್ದರಿಂದ ಬಾವಿ ಕಾಲಿನ ಕೆಳಗೆ ಬಂತು. ಕಾಲಿಗೆ ಸಂಬಂಧಿಸಿದ್ದೆಲ್ಲ ದವಾಖಾನೆಗೆ ಹೋಗಬೇಕಾದ್ದರಿಂದ ಬಾವಿಯೂ ದವಾಖಾನೆಗೆ ಹೋಯಿತು. ಕಂಪೌಂಡರರೊಬ್ಬರು ಪಟ್ಟಿ, ಹತ್ತಿ ಹಿಡಿದುಕೊಂಡು ರಾವೂರಿಗೆ ಹೋಗಿ, ಕುಸಿದ ಬಾವಿಯನ್ನು ಇಣುಕಿ ನೋಡಿ, "ರೋಗಿಯು ಆಳದಲ್ಲಿರುವುದರಿಂದ ನಾಡಿ ಸಿಗಲಿಲ್ಲ" ಎಂದು ಬರೆದುಕೊಟ್ಟರು. ಕಟ್ಟೆಯ ಒಂದು ಬಿರುಕಿಗೆ ಪಟ್ಟಿ ಹಚ್ಚಿ ಬಂದಿದ್ದರು. ಇದನ್ನು ಶಾಖೆಯ ಪ್ರಥಮ ಯಶಸ್ಸೆಂದು ಪರಿಗಣಿಸಿ ನನಗೆ ಶಾಲು ಹೊದಿಸಲಾಯಿತು.

ಆ ಮಧ್ಯೆ ಬೇರೆ ಅರ್ಜಿಗಳೂ ಬಂದವು. ಮಕ್ಕಳು ಕಲಿಯುವ ಸಾಲಿಯ ಮಾಳಗಿ ಮಳೆಗೆ ಸೋರುವುದು, ಪೋಸ್ಟಮನ್ನನ ಸೈಕಲ್ಲಿನ ಟೈರು, ಗುತ್ತಿಗೆದಾರ ಭೀಮಶ್ಯಾನ ಕಲ್ಲುಖಣಿಯ ಪರವಾನಗಿ, ನನ್ನ ಬಡ್ತಿ. ಎಲ್ಲವನ್ನೂ ಅದೇ ವಹಿಯಲ್ಲಿ ಒಂದರ ಹಿಂದೊಂದು ಬರೆಯುತ್ತ ಹೋದೆ. ಕಡೆಗೆ ಶೌಕತ ಅಲಿ ಸಾಹೇಬರು ಮಗಳ ಲಗ್ನಕ್ಕೆ ಶಹಾಬಾದಿಗೆ ಹೋಗಲು ರಜೆ ಬರೆದುಕೊಟ್ಟರು. ಅದನ್ನು ಮರಕ್ಕೆ ಏರಿಸುವಾಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು.

"ಸಾಹೇಬ್ರ, ನಿಮ್ಮ ರಜಾ ಸಾಬಮ್ಮನ ಅರ್ಜಿ ಒಳಗ ಅದರಿ."

"ಅಂದ್ರ?"

"ಆಕಿ ಮಾತು ಮುಗಿದಿಲ್ರಿ. ನೀಲಿ ಕೊಂಡಿ ಬಿದ್ದಿಲ್ಲ. ಆಕಿ ನಂತರ ಬಂದದ್ದೆಲ್ಲ ಆಕಿ ಒಡಲಾಗೇ ಬಂದದರಿ. ಆಕಿ ಒಪ್ಪಿಗಿ ಬೇಕು."

ಸಾಹೇಬರು ಗೋಡೆಯ ಮೇಲಿನ ಮರವನ್ನು ಬಹಳ ಹೊತ್ತು ನೋಡಿದರು. ಎಲ್ಲಕ್ಕೂ ಮೇಲೆ ಸಾಬಮ್ಮ, ಎಲ್ಲಕ್ಕೂ ಕೆಳಗೆ ಅವರು. "ಈ ನಿಯಮ ಯಾವ ಪುಣ್ಯಾತ್ಮ ಬರದಾನ?" ಎಂದು ಕೇಳಿದರು. ಸಹಿ ಅವರದೇ ಇದ್ದುದನ್ನು ನಾನು ವಿನಯದಿಂದ ತೋರಿಸಿದೆ.

ಇಬ್ಬರೂ ರಾವೂರಿಗೆ ಹೋದೆವು. ಸಾಬಮ್ಮ ಅನಸುಬಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಧಿಕಾರಿಯೊಬ್ಬರು ತಲೆಯ ಟೊಪ್ಪಿಗೆ ತೆಗೆದು ಅಂಗಳದಲ್ಲಿ ನಿಂತದ್ದನ್ನು ಕಂಡು ಅವಳಿಗೆ ಗಾಬರಿಯಾಯಿತು.

"ಮಗಳ ಲಗ್ನಕ್ಕ ನಾ ಯಾಕ ಅಡ್ಡ ಬರ್ಲೆಪ್ಪ? ತರ್ರಿ ಇಲ್ಲೆ," ಎಂದು ಹೆಬ್ಬೆಟ್ಟು ಒತ್ತಿದಳು. ಸಾಲಿಯ ಮಾಳಗಿಗೂ ಒತ್ತಿದಳು, ಟೈರಿಗೂ ಒತ್ತಿದಳು. ನನ್ನ ಬಡ್ತಿಯ ಕಾಗದ ಬಂದಾಗ ಮಾತ್ರ ನನ್ನ ಮುಖ ನೋಡಿ, "ಬಾವಿಗಿ ಪಟ್ಟಿ ಹಚ್ಚಿಸಿದಾತ ನೀನೇ ಅಲ್ಲೇನು?" ಎಂದು ಕೇಳಿದಳು. ಹೌದೆಂದೆ. ಆದರೂ ಒತ್ತಿದಳು; "ಇನ್ನಾ ಮ್ಯಾಲ ಹೋದ್ರ ನಮ್ಮ ಕಡಿ ಬರಂಗಿಲ್ಲಲ್ಲ" ಎಂಬುದು ಅವಳ ವಿವರಣೆ.

ಭೀಮಶ್ಯಾನ ಕಾಗದಕ್ಕೆ ಮಾತ್ರ ಕೈ ಹಿಂದಕ್ಕೆಳೆದುಕೊಂಡಳು.

ಮರುದಿನ ಭೀಮಶ್ಯಾ ಜೀಪಿನಲ್ಲಿ ಸಾಬಮ್ಮನ ಅಂಗಳಕ್ಕೆ ಬಂದ. "ನನ್ನ ಕಾಗದ ನಿನ್ನ ಕಾಗದದಾಗ ಹ್ಯಾಂಗ ಬಂತು, ಮುದುಕಿ?"

"ನನಗೇನ್ ಗೊತ್ರೀ. ನಿಮ್ಮ ಕಲ್ಲ ಸಿಡಸೋ ಮದ್ದಿನ ಸಪ್ಪಳಕ್ಕೇ ನಮ್ಮ ಬಾವಿ ಕುಸದದ. ಅದು ಗೊತ್ತದ ನನಗ."

"ಏನ್ ಮಾಡಬೇಕಂತಿ?"

"ಬಾವಿ ತೋಡಸ್ರಿ. ಹೆಬ್ಬೆಟ್ಟ ಒತ್ತತೀನಿ."

ಅವನ ಹಳೆಯ ಪರವಾನಗಿಯ ಅವಧಿ ಮುಗಿಯುವುದರಲ್ಲಿತ್ತು. ಭೀಮಶ್ಯಾ ಕೋಪದಿಂದಲೇ ಆಳುಗಳನ್ನು ಇಳಿಸಿದ. ಶಾಖೆಯು ಬಾವಿ ತೋಡಲು ಆದೇಶ ಹೊರಡಿಸಿತು. ಅದೂ ಸಾಬಮ್ಮನ ಅರ್ಜಿಯ ಒಡಲಲ್ಲೇ ಹೋಯಿತು. ಕೆಲವೇ ವಾರಗಳಲ್ಲಿ, ಸುತ್ತ ಫರಸಿ ಕಲ್ಲು ಕಟ್ಟಿದ, ಮೆಟ್ಟಿಲುಗಳಿದ್ದ ಬಾವಿಯೊಂದು ಸಿದ್ಧವಾಯಿತು. ನೀರು ಸಿಹಿಯಾಗಿತ್ತು. ಓಣಿಯ ಹೆಣ್ಣುಮಕ್ಕಳು ಖಣಿಯ ಗುಂಡಿಯ ದಾರಿಯನ್ನೇ ಬಿಟ್ಟರು. ಸಾಬಮ್ಮ ತಾನು ಹೇಳಿದ ಪ್ರಕಾರ ಹೆಬ್ಬೆಟ್ಟು ಒತ್ತಿ, ಭೀಮಶ್ಯಾನಿಗೆ ಒಂದು ತಂಬಿಗೆ ನೀರನ್ನೂ ಕೊಟ್ಟಳು. ಅವನು ಬೈಯುತ್ತಲೇ ಪೂರ್ತಿ ಕುಡಿದ.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಸಾಮಾನ್ಯ ಜನ ತಿಳಿಯಬಹುದು. ಸಾಬಮ್ಮನೂ ಸಾಮಾನ್ಯಳೇ ಆದ್ದರಿಂದ ಖುಷಿಯಿಂದ ಚಿತ್ತಾಪುರಕ್ಕೆ ಬಂದಳು.

"ನೀರ ಬಂತ್ರೀ. ನನ್ನ ಮಾತು ಮುಗೀತು. ಹಾಕ್ರಿ ನಿಮ್ಮ ನೀಲಿ ಕೊಂಡಿ."

ನಾನು ಕಿವಿಯಿಂದ ಪೆನ್ಸಿಲ್ ತೆಗೆದೆ. ಆಗಲೇ ವಾಡಿ ಜಂಕ್ಷನ್ನಿನ ಕೊನೆಯ ನಿಯಮ ನೆನಪಾಗಿ ಪೆನ್ಸಿಲ್ಲನ್ನು ತಿರುಗಿ ಕಿವಿಗೆ ಸಿಕ್ಕಿಸಿಕೊಂಡೆ. ಸಾಹೇಬರಿಗೆ ಓದಿ ಹೇಳಿದೆ. ಅವರು ಕುರ್ಚಿಯಿಂದ ಎದ್ದರು.

"ನನ್ನ ರಜಾ ಸುಡ್ತದೇನು?"

"ಸುಡ್ತದರಿ. ಆಮ್ಯಾಲ ನೀವು ಆವತ್ತು ಶಹಾಬಾದಿನಾಗ ಇರಲಿಲ್ಲಂತ ಆಗ್ತದ."

"ಮಗಳ ನಿಕಾಹ ನಾನೇ ಮುಂದ ನಿಂತು ಮಾಡೀನಿ! ನಾ ಇರಲಿಲ್ಲಂದ್ರ ಅದು ಯಾರ್ ಮಾಡಿದ್ರು?"

ನೀಲಿ ಕೊಂಡಿ ಬಿದ್ದಿದ್ದರೆ ಸಾಲಿಯ ಮಾಳಗಿಯ ಹೊಸ ತಗಡು ಕಿತ್ತುಬರುತ್ತಿತ್ತು. ನನ್ನ ಬಡ್ತಿ ಹೋಗುತ್ತಿತ್ತು. ವಿಷಯ ಗಂಭೀರವೆಂದು ನನಗೆ ಅನಿಸಿದ್ದು ಆಗಲೇ.

ಸಾಬಮ್ಮನಿಗೆ ಇದಾವುದೂ ತಾಗಲಿಲ್ಲ. "ಅದು ನಿಮ್ಮ ನಿಮ್ಮದು. ನನಗ ಊರಿಗಿ ಹೋಗೋದದ. ಹಾಕ್ರಿ," ಎಂದಳು.

"ಯವ್ವಾ," ಎಂದೆ, "ಬಾವಿ ತೋಡೋ ಆದೇಶನೂ ನಿನ್ನ ಅರ್ಜಿ ಒಳಗೇ ಅದ. ಅದೂ ಸುಡ್ತದ. ಬಾವಿ ತಿರುಗಿ ಮುಚ್ಚಬೇಕಾಗ್ತದ."

ಅವಳು ನೆಲದ ಮೇಲೆ ಕುಳಿತುಬಿಟ್ಟಳು.

"ಅಂದ್ರ ನೀರ ಬಂತಂತ ಹೇಳಿದ್ರ ನೀರ ಹೋಗ್ತದೇನು?"

"ಹೌದವ್ವ."

"ಬಂದಿಲ್ಲಂದ್ರ?"

"ಇರ್ತದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಮತ್ತ ಬಂದಿಲ್ಲಂತ ಬರ್ಕೋರಿ. ಇದನ್ನ ಕಂಡ ಹಿಡದಾತಗ ದೇವ್ರು ಛಲೋ ಮಾಡ್ಲಿ," ಎಂದು ನನ್ನನ್ನೇ ನೋಡುತ್ತ ಹೊರಟಳು. ಆಶೀರ್ವಾದವೆಂದು ತಿಳಿದು ಕೈ ಮುಗಿದೆ.

ಅಂದೇ ಡಂಗುರ ಹೊಡೆಸಲಾಯಿತು. ಪ್ರಕಟಣೆಯ ಒಕ್ಕಣೆ ನನ್ನದು: "ರಾವೂರ ಗ್ರಾಮದ ಸದರಿ ಓಣಿಯಲ್ಲಿ ನೀರು ಬಂದಿರುವುದಿಲ್ಲವೆಂದು ಸರ್ವರಿಗೂ ತಿಳಿಯಪಡಿಸಲಾಗಿದೆ. ಬಾರದ ನೀರನ್ನು ತುಂಬಿಕೊಳ್ಳುವವರು ಸಾಲಿನಲ್ಲಿ ನಿಲ್ಲತಕ್ಕದ್ದು. ಬಾರದ ನೀರಿನಲ್ಲಿ ಎಮ್ಮೆ ತೊಳೆಯತಕ್ಕದ್ದಲ್ಲ."

ಜನ ಬೇಗ ಹೊಂದಿಕೊಂಡರು. ಬೆಳಿಗ್ಗೆ ಕೊಡ ತುಂಬಿಕೊಂಡು ಬರುವವರನ್ನು ಎದುರಿಗೆ ಸಿಕ್ಕವರು, "ಬಂತೇನ್ರೀ?" ಎಂದರೆ, "ಎಲ್ಲೀದ್ರೀ, ಇನ್ನಾ ಇಲ್ಲ," ಎಂದು ಕೊಡ ಸಂಭಾಳಿಸಿಕೊಂಡು ಹೋಗುತ್ತಿದ್ದರು.

ಬೇಸಿಗೆಯಲ್ಲಿ ಮೇಲಿನಿಂದ ತಪಾಸಣಾಧಿಕಾರಿಗಳೊಬ್ಬರು ಬಂದರು. ಬಿಸಿಲಿಗೆ ಬಸವಳಿದು ಬಾವಿಕಟ್ಟೆಯ ಮೇಲೆ ಕುಳಿತರು. ಕಾಲು ಕೂಡಿಬಂದಿದ್ದ ಅನಸುಬಾಯಿ ಮೆಟ್ಟಿಲಿಳಿದು ತಂಬಿಗೆ ತುಂಬಿಕೊಂಡು ಬಂದಳು. ಅವರು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, ಪುಸ್ತಕ ತೆರೆದರು.

"ಇಲ್ಲಿ ನೀರು ಬಂದಿದೆಯೇ?"

ಓಣಿಗೆ ಓಣಿಯೇ ಸುತ್ತ ನಿಂತಿತ್ತು. ಸಾಬಮ್ಮ ಮುಂದೆ ಬಂದು, "ಇಲ್ರೀ ಸಾಹೇಬ, ಇನ್ನಾ ಬಂದಿಲ್ಲ," ಎಂದಳು.

"ಪಾಪ," ಎಂದರು ಅಧಿಕಾರಿಗಳು. ಅನಸುಬಾಯಿಯತ್ತ ಇನ್ನೊಂದು ಸಲ ತಂಬಿಗೆ ಚಾಚಿ, ಅವಳು ಇಳಿದು ತುಂಬಿ ತರುವಷ್ಟರಲ್ಲಿ ಬರೆದರು: "ನೀರು ಬಂದಿಲ್ಲ. ಬಹಳ ಸಿಹಿಯಾಗಿದೆ."