ದೊರೆಗೋರಿಯ ಗೋಡೆ ಮತ್ತು ದೆವ್ವದವರು

೧. ಆರು ಗಂಟೆ

"ರಾತ್ರಿ ಹನ್ನೆರಡಕ್ಕೆ ಬೀಗ ತೆಗೀಬೇಕು ಅಂಕಲ್," ಅಂದ.

ಭಾನುವಾರ ಬೆಳಿಗ್ಗೆ. ನಮ್ಮ ಜಗುಲಿ ಮುಂದೆ ಇಬ್ಬರು ನಿಂತಿದ್ದರು. ಮಾತಾಡಿದವನು ಬೆಂಗಳೂರಿನವನು, ಕೈಯಲ್ಲಿ ಕ್ಯಾಮೆರಾ. ಇನ್ನೊಬ್ಬ ಮಾಗಡಿ ಕಡೆಯ ತಿಪ್ಪಸಂದ್ರದವನು, ಬೆನ್ನ ಮೇಲೆ ಮೂಟೆಯಂಥ ಬ್ಯಾಗು. ಇಬ್ಬರಿಗೂ ಬಿಡದಿಯಲ್ಲಿ ಕೆಲಸ. ರಜ ಸಿಕ್ಕರೆ ದೆವ್ವ ಹುಡುಕುತ್ತಾರೆ. ಹುಡುಕಿದ್ದನ್ನು ವಿಡಿಯೊ ಮಾಡಿ ಊರಿಗೆಲ್ಲ ತೋರಿಸುತ್ತಾರೆ.

ಚನ್ನಪಟ್ಟಣದಲ್ಲಿ ನಮ್ಮ ಮನೆಯ ಎದುರಿಗೇ ದೊರೆಗೋರಿ. ಬ್ರಿಟಿಷರ ಕಾಲದ ಸ್ಮಶಾನ, ಇಪ್ಪತ್ತಮೂರು ಗೋರಿಗಳು. ಕಾಯುತ್ತಿದ್ದ ಮುದುಕ ತೀರಿಕೊಂಡಾಗ ಬೀಗದ ಕೈ ನನ್ನ ಹತ್ತಿರ ಇತ್ತು. ಯಾರೂ ವಾಪಸ್ ಕೇಳಲಿಲ್ಲ. ಹಾಗೆ ನಾನು ಕಾವಲುಗಾರನಾದೆ.

"ಆರಕ್ಕೆ ಬೀಗ ಹಾಕ್ತೀನಿ," ಅಂದೆ.

"ದೆವ್ವಗಳು ಓಡಾಡೋದೇ ರಾತ್ರಿ ಅಂಕಲ್."

"ಆರರೊಳಗೆ ಬರೋವಂಥದ್ದು ಇದ್ರೆ ನೋಡ್ಕಳಿ."

ಅವನು ಒಳಗೆ ಇಣುಕಿ ನೋಡಿದ. ಪೂರ್ವದ ಗೋಡೆ ಮೂವತ್ತು ಅಡಿ ಬಿದ್ದುಹೋಗಿತ್ತು. "ಅಲ್ಲಿ ಗೋಡೆನೇ ಇಲ್ವಲ್ಲ. ಗೇಟಿಗ್ಯಾಕೆ ಬೀಗ?"

"ಗೇಟು ಐತಲ್ಲ, ಅದಕ್ಕೆ."

ಆ ಗೋಡೆಯ ವಿಷಯ ಹೇಳಬೇಕು. ಅದರ ಆಚೆ ರಸ್ತೆ. ರಸ್ತೆ ಅಗಲ ಮಾಡುತ್ತಾರೆ ಅಂತ ಆಗಲೇ ಗೂಟ ಹೊಡೆದಿದ್ದರು. ಗೋಡೆ ಇದ್ದರೆ ಯಂತ್ರ ಅಲ್ಲಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ಎಲ್ಲಿ ನಿಲ್ಲುತ್ತದೋ ಗೊತ್ತಿಲ್ಲ. ಗೋಡೆ ಬಿದ್ದ ಕಡೆಯೇ ಒಂದು ಮಗುವಿನ ಗೋರಿ ಇತ್ತು. ಎರಡು ಗೇಣು ಕಲ್ಲು. ಹೆಸರು ಅಳಿಸಿಹೋಗಿತ್ತು. ವಯಸ್ಸು ನಾಲ್ಕು ವರ್ಷ ಎರಡು ತಿಂಗಳು ಅನ್ನುವುದು ಮಾತ್ರ ಉಳಿದಿತ್ತು.

ನನ್ನ ಮಗಳನ್ನು ಮಣ್ಣು ಮಾಡಿದ ಜಾಗದ ಮೇಲೆ ಹೈವೇ ಹೋಗಿದೆ. ಈ ಮುದುಕನಿಗೆ ಯಾರದೋ ಗೋರಿಯ ಗೋಡೆ ಯಾಕೆ ಅನ್ನುವವರಿಗೆ ಅಷ್ಟು ಸಾಕು.

"ನಮ್ಮ ವಿಡಿಯೊ ಬಂದ್ರೆ ದೊಡ್ಡ ದೊಡ್ಡೋರೆಲ್ಲ ನೋಡ್ತಾರೆ ಅಂಕಲ್," ಅಂದ ಬೆಂಗಳೂರಿನವನು. "ಆಮೇಲೆ ಗೋಡೆ ತಾನಾಗೇ ಎದ್ದೇಳತ್ತೆ."

ಅಷ್ಟು ಹೊತ್ತಿಗೆ ಗೋಡೆ ಕಟ್ಟಿಸಿ ಅಂತ ನಾನು ಕಚೇರಿಗೆ ಹನ್ನೊಂದು ಅರ್ಜಿ ಕೊಟ್ಟಿದ್ದೆ. ಒಂದಕ್ಕೂ ಉತ್ತರವಿಲ್ಲ. ದೆವ್ವಗಳು ಎರಡು ಸಲ ಕರೆದರೆ ಉತ್ತರ ಕೊಡುತ್ತವೆ ಅಂತ ಅವನು ಹೇಳಿದ. ಬೀಗ ತೆಗೆದೆ.

೨. ಮೀಟರು

ಅವರ ಹತ್ತಿರ ಒಂದು ಮೀಟರು ಇತ್ತು. ದೆವ್ವದ ಹತ್ತಿರ ಹೋದರೆ ಕೆಂಪು ದೀಪ ಹತ್ತುತ್ತದಂತೆ. ಮಟಮಟ ಮಧ್ಯಾಹ್ನ ಅದನ್ನು ಹಿಡಿದು ಗೋರಿಯಿಂದ ಗೋರಿಗೆ ನಡೆದರು. ತಿಪ್ಪಸಂದ್ರದವನು ಚಪ್ಪಲಿ ಗೇಟಿನಲ್ಲೇ ಬಿಟ್ಟಿದ್ದ. ಕಾದ ನೆಲದ ಮೇಲೆ ಕುಣಿಯುತ್ತ, ಸಿಕ್ಕ ಗೋರಿಗೆಲ್ಲ ಕೈ ಮುಗಿಯುತ್ತಿದ್ದ.

ಮೂಲೆಯ ದೊಡ್ಡ ಗೋರಿಯ ಹತ್ತಿರ ದೀಪ ಹತ್ತಿತು.

"ಭಾರಿ ಎನರ್ಜಿ ಇದೆ ಇಲ್ಲಿ!"

"ಕರೆಂಟು," ಅಂದೆ. ಆ ಗೋರಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ಬೊಂಬೆ ಮಾಡುವ ಸಾಬರ ಮನೆ. ಅವರ ಮರ ಕಡೆಯುವ ಯಂತ್ರದ ವೈರು ಗೋಡೆ ಮೇಲೆ ಹೋಗಿದೆ.

ಅವನು ನಂಬಲಿಲ್ಲ. ಪರೀಕ್ಷೆ ಮಾಡೋಣ ಅಂದ. ನಾನು ಗೋಡೆಯ ಮೇಲಿಂದ ಕೂಗಿದೆ. "ಸಾಬ್ರೇ, ಒಸಿ ಮಿಷನ್ ನಿಲ್ಸಿ."

"ಯಾಕಣ್ಣಾ?"

"ದೆವ್ವ ನೋಡ್ಬೇಕಂತೆ."

"ಎರಡು ನಿಮಿಷ ತಡ್ಕೊಳಕ್ಕೆ ಹೇಳಣ್ಣಾ. ಕುದುರೆಗೆ ಇನ್ನೊಂದು ಕಾಲು ಬಾಕಿ ಐತೆ."

ಕುದುರೆಗೆ ಕಾಲು ಬಂತು. ಯಂತ್ರ ನಿಂತಿತು. ಮೀಟರಿನ ದೀಪವೂ ಆರಿತು. ನಾನು ಬೆಂಗಳೂರಿನವನ ಮುಖ ನೋಡಿದೆ.

"ನೋಡಿದ್ರಾ ಅಂಕಲ್?" ಅಂದ. "ನೀವು ಕೂಗಿದ ತಕ್ಷಣ ಹೆದರಿ ಓಡೋಯ್ತು."

೩. ಯಾವ ಭಾಷೆ

ಆಮೇಲೆ ಪ್ರಶ್ನೆ ಕೇಳುವ ಕಾರ್ಯಕ್ರಮ. ಗೋರಿಯ ಮೇಲೆ ಧ್ವನಿ ಹಿಡಿಯುವ ಪೆಟ್ಟಿಗೆ ಇಟ್ಟು ಬೆಂಗಳೂರಿನವನು ಗಂಭೀರವಾಗಿ ಕೇಳಿದ. "ಇಲ್ಲಿ ಯಾರಾದರೂ ಇದ್ದೀರಾ?"

ತಿಪ್ಪಸಂದ್ರದವನು ಅವನ ಅಂಗಿ ಎಳೆದ. "ಬ್ರೋ, ಒಳಗಿರೋದು ಇಂಗ್ಲಿಷ್ ದೊರೆ. ಕನ್ನಡ ಎಂಗೆ ಗೊತ್ತಾಯ್ತದೆ?"

ಬೆಂಗಳೂರಿನವನು ಯೋಚನೆಗೆ ಬಿದ್ದ. ಇಂಗ್ಲಿಷಿನಲ್ಲಿ ಕೇಳಿದರೆ ವಿಡಿಯೊ ನೋಡುವವರಿಗೆ ತಿಳಿಯುವುದಿಲ್ಲ. ಕನ್ನಡದಲ್ಲಿ ಕೇಳಿದರೆ ದೆವ್ವಕ್ಕೆ ತಿಳಿಯುವುದಿಲ್ಲ. ನನ್ನ ಕಡೆ ತಿರುಗಿ, "ನೀವೇನಂತೀರಿ ಅಂಕಲ್?" ಅಂದ.

"ಅವ್ರು ಬಂದು ನೂರೈವತ್ತು ವರ್ಷ ಆಗಿರಬೇಕು. ಇಷ್ಟೊತ್ಗೆ ಕಲ್ತಿರ್ತಾರೆ."

"ಬೆಂಗಳೂರಲ್ಲಿ ಎಷ್ಟು ವರ್ಷ ಇದ್ರೂ ಕಲಿಯಲ್ವಲ್ಲ ಅಂಕಲ್ ಜನ."

"ಇದು ಚನ್ನಪಟ್ಟಣ," ಅಂದೆ. "ಇಲ್ಲಿ ಬೇರೆ ದಾರಿ ಇಲ್ಲ."

೪. ಸಿಕ್ಕ ದೆವ್ವ

ಮೂರು ದಿನ ಬಿಟ್ಟು ಇಬ್ಬರೂ ಓಡಿಬಂದರು. ಧ್ವನಿ ಸಿಕ್ಕಿದೆಯಂತೆ. ಬೆಂಗಳೂರಿನವನು ಜಗುಲಿಯಲ್ಲಿ ಕೂರಿಸಿ ನನ್ನ ಕಿವಿಗೆ ಯಂತ್ರ ತುರುಕಿದ. ಗರಗರ ಸದ್ದು. ಅದರ ನಡುವೆ ಒಬ್ಬ ಗಂಡಸು, ಬೇಸರದ ದನಿಯಲ್ಲಿ, ಎರಡು ಮಾತು.

"ಕೇಳ್ತಾ? ಒಝಿ ಜಾರ್ಜ್! ಎರಡು ಸಲ ಹೇಳ್ತಾನೆ."

"ಹಂಗಂದ್ರೆ?"

"ಆಸ್ಟ್ರೇಲಿಯಾದವರನ್ನ ಇಂಗ್ಲಿಷಲ್ಲಿ ಒಝಿ ಅಂತಾರೆ ಅಂಕಲ್. ಇವನು ಆಸ್ಟ್ರೇಲಿಯಾದ ಸೈನಿಕ. ಹೆಸರು ಜಾರ್ಜ್."

ಇನ್ನೊಂದು ಸಲ ಹಾಕಿಸಿ ಕೇಳಿದೆ. ದನಿ ನನ್ನದೇ. ಅವರು ಪೆಟ್ಟಿಗೆ ಇಟ್ಟಿದ್ದ ದಿನ, ಗೋಡೆ ಬಿದ್ದ ಕಡೆಯಿಂದ ಒಂದು ಎಮ್ಮೆ ಒಳಗೆ ಬಂದು ಮಗುವಿನ ಗೋರಿಗೆ ಮೈ ಉಜ್ಜುತ್ತಿತ್ತು. ಸ್ವಲ್ಪ ಸರಿದುಕೋ ಅಂತ ನಾನು ಅದಕ್ಕೆ ಹೇಳಿದ್ದೆ, "ಒಸಿ ಜರ್ಗು. ಒಸಿ ಜರ್ಗು."

"ಅದು ನಾನು. ಎಮ್ಮೆಗೆ ಹೇಳಿದ್ದು," ಅಂದೆ.

ಬೆಂಗಳೂರಿನವನ ಮುಖ ಸಣ್ಣದಾಯಿತು. ನಾನು ತಿಪ್ಪಸಂದ್ರದವನ ಕಡೆ ತಿರುಗಿದೆ. "ನಿನಗೆ ಗೊತ್ತಾಗ್ಲಿಲ್ವೇನ್ಲಾ? ನಿಮ್ಮೂರಲ್ಲಿ ಒಸಿ ಅನ್ನಲ್ವಾ?"

"ಅಂತೀವಿ ಸಾ. ಆದ್ರೆ ಇವ್ರು ಆಗ್ಲೇ ವಿಡಿಯೊಗೆ ಜಾರ್ಜ್ ಅಂತ ಬಂದೂಕ ಹಿಡ್ದಿರೋನ ಫೋಟೋ ಹಾಕ್ಬುಟ್ಟಿದ್ರು. ಎಂಗೆ ಯೋಳದು?"

ಅಷ್ಟರಲ್ಲಿ ಬೆಂಗಳೂರಿನವನು ಚೇತರಿಸಿಕೊಂಡಿದ್ದ. ನನ್ನ ಕೈ ಹಿಡಿದುಕೊಂಡು ಹೇಳಿದ. "ಅಂಕಲ್, ಎಮ್ಮೆಗೆ ಹೇಳಿದೆ ಅಂತ ನೀವು ಅಂದ್ಕೊಂಡಿದ್ದೀರಿ. ನಿಮ್ಮ ಬಾಯಿಂದ ಮಾತಾಡಿದ್ದು ಜಾರ್ಜ್."

೫. ಭಕ್ತರು

ವಿಡಿಯೊ ಹೊರಬಿತ್ತು. ಜನ ಬಂದರು. ಗೇಟಿನಿಂದಲ್ಲ, ಬಿದ್ದ ಗೋಡೆಯಿಂದ.

ಯಾವುದು ಜಾರ್ಜ್‌ನ ಗೋರಿ ಅಂತ ಕೇಳಿದರು. ಜಾರ್ಜ್ ಇಲ್ಲ ಅಂದೆ. ಮುಚ್ಚಿಡುತ್ತಿದ್ದಾನೆ ಮುದುಕ ಅಂದುಕೊಂಡು ತಾವೇ ಒಂದನ್ನು ಆರಿಸಿಕೊಂಡರು. ಅದರಲ್ಲಿ ಮಲಗಿರುವುದು ಒಬ್ಬ ಹೆಂಗಸು. ಆಕೆಯ ತಲೆಯ ಮೇಲೆ ಬೀಡಿ ಹಚ್ಚಿಟ್ಟರು. ಬ್ರಾಂದಿ ಸುರಿದರು. ಬಿಡದಿಯಿಂದ ಬಂದವರೊಬ್ಬರು ತಟ್ಟೆ ಇಡ್ಲಿ ಇಟ್ಟು, ಚಟ್ನಿ ಖಾರ ಆದೀತು ಅಂತ ಬರೀ ಬೆಣ್ಣೆ ಹಾಕಿದ್ದರು.

ಕೂರುವುದಕ್ಕೆ ಅವರಿಗೆಲ್ಲ ಅನುಕೂಲವಾಗಿದ್ದು ಮಗುವಿನ ಗೋರಿ. ಎತ್ತರ ಸರಿಯಾಗಿತ್ತು. ನಾನು ಏಳಿಸುತ್ತಿದ್ದೆ. ಆ ಕಡೆ ತಿರುಗುವುದರೊಳಗೆ ಇನ್ನೊಬ್ಬ ಕೂತಿರುತ್ತಿದ್ದ. ಹತ್ತು ದಿನದಲ್ಲಿ ಕಲ್ಲು ಬಿರುಕು ಬಿಟ್ಟಿತು. ಸುಣ್ಣ ಮೆತ್ತಿದೆ.

ಒಂದು ದಿನ ಕನಕಪುರದ ಒಬ್ಬ ಗೋರಿ ಮೇಲೆ ಕಾಗದದ ಕಟ್ಟು ಇಟ್ಟು ಕಣ್ಣು ಮುಚ್ಚಿ ನಿಂತಿದ್ದ. ಇಸ್ತ್ರಿ ಅಂಗಿ, ಕೊರಳಿಗೆ ಟೈ.

"ಏನಪ್ಪಾ ಅದು?" ಅಂದೆ.

"ವೀಸಾ ಅರ್ಜಿ ಯಜಮಾನ್ರೇ. ಆಸ್ಟ್ರೇಲಿಯಾಕ್ಕೆ. ಎರಡು ಸಲ ವಾಪಸ್ ಬಂತು. ಅವ್ರ ಊರಿನವ್ರು ಒಬ್ರು ಹೇಳಿದ್ರೆ ಆಯ್ತದೆ ಅಂತ."

ನನಗೆ ನನ್ನ ಹನ್ನೊಂದು ಅರ್ಜಿ ನೆನಪಾಯಿತು. ಅವನನ್ನು ಬೈಯಲಿಲ್ಲ. ಕಾಗದ ಹಾರದಂತೆ ಮೇಲೆ ಒಂದು ಕಲ್ಲಿಟ್ಟೆ.

೬. ಸಾಹೇಬರು

ಕೊನೆಗೆ ಕಚೇರಿಯಿಂದ ಸಾಹೇಬರು ಬಂದರು. ಅರ್ಜಿ ನೋಡಿಯಲ್ಲ, ವಿಡಿಯೊ ನೋಡಿ. ಜೊತೆಗೆ ಒಬ್ಬ ಗುಮಾಸ್ತ.

ಬಿದ್ದ ಗೋಡೆ ತೋರಿಸಿದೆ. ರಸ್ತೆಯ ಗೂಟ ತೋರಿಸಿದೆ. ಮಗುವಿನ ಗೋರಿ ತೋರಿಸಿದೆ. ಎಲ್ಲ ನೋಡಿ ಸಾಹೇಬರು, "ಜಾರ್ಜ್ ಎಲ್ಲಿ?" ಅಂದರು.

"ಜಾರ್ಜ್ ಅನ್ನೋರು ಇಲ್ಲ ಸ್ವಾಮಿ. ಇಪ್ಪತ್ತಮೂರು ಕಲ್ಲಲ್ಲಿ ಒಂದರಲ್ಲೂ ಆ ಹೆಸರಿಲ್ಲ."

"ನೋಡಿ ಯಜಮಾನ್ರೇ, ಬರೀ ಗೋಡೆ ಅಂದ್ರೆ ಫೈಲು ಏಳೋದಿಲ್ಲ. ಪ್ರವಾಸಿ ತಾಣ ಅಂದ್ರೆ ನಾಳೆನೇ ಏಳ್ತದೆ. ಜನ ಬರ್ತಿರೋದು ಜಾರ್ಜ್‌ಗೋಸ್ಕರ. ಜಾರ್ಜ್ ಇದ್ರೆ ಗೋಡೆ. ಇಲ್ದಿದ್ರೆ ನಾನು ಯಾವ ಆಧಾರದ ಮೇಲೆ ಬರೀಲಿ?"

"ಇದ್ದಾನೆ ಅಂತ ಯಾರು ಹೇಳ್ಬೇಕು?"

"ಸ್ಥಳೀಕರು. ಅಂದ್ರೆ ನೀವು."

ಲಾರಿ ಆಫೀಸಿನಲ್ಲಿ ನಲವತ್ತು ವರ್ಷ ಕೂತವನು ನಾನು. ಗಾಡಿ ಆಗಲೇ ಹೊರಟೈತೆ ಅಂತ ಫೋನಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಬರೆದು ಸಹಿ ಮಾಡಿದ್ದಿಲ್ಲ.

ಮಗುವಿನ ಗೋರಿ ಕಡೆ ನೋಡಿದೆ. ಸುಣ್ಣ ಮೆತ್ತಿದ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು.

ಗುಮಾಸ್ತ ಬರೆದ. "ಸದರಿ ಜಾಗದಲ್ಲಿ ಜಾರ್ಜ್ ಎಂಬುವರು ಬಹಳ ವರ್ಷಗಳಿಂದ ಇರುತ್ತಾರೆ." ನಾನು ಸಹಿ ಮಾಡಿದೆ. ಸಾಬರು ಸಾಕ್ಷಿ ಹಾಕಿದರು. "ಅಣ್ಣಾ, ನೀನು ಹಾಕಿದ್ಮೇಲೆ ನಂದೇನು," ಅಂದರು.

ಫೈಲು ನಿಜವಾಗಿಯೂ ಎದ್ದಿತು. ಮೇಲಿನ ಕಚೇರಿಗೆ ಹೋಯಿತು. ಅಲ್ಲಿ ಇನ್ಯಾರೋ ಓದಿದರು. ಒಂದೂವರೆ ತಿಂಗಳ ಮೇಲೆ ನನ್ನ ಹೆಸರಿಗೆ ಕಾಗದ ಬಂತು. ನನ್ನ ಅರ್ಜಿಗಳಿಗೆ ಬಂದ ಮೊದಲ ಉತ್ತರ ಅದು.

"ಸದರಿ ಜಾಗದಲ್ಲಿ ಜಾರ್ಜ್ ಎಂಬುವರು ಬಹಳ ವರ್ಷಗಳಿಂದ ವಾಸವಿರುವುದು ತಮ್ಮ ಹೇಳಿಕೆಯಿಂದಲೇ ಕಂಡುಬಂದಿರುತ್ತದೆ. ಆದ್ದರಿಂದ ಗೋಡೆ ಕಟ್ಟಲು ಅಭ್ಯಂತರವಿಲ್ಲವೆಂದು ಸದರಿಯವರಿಂದ ಒಪ್ಪಿಗೆ ಪತ್ರ ಬರೆಸಿ, ಆಧಾರ್ ಪ್ರತಿಯೊಂದಿಗೆ ಹದಿನೈದು ದಿನದೊಳಗೆ ಸಲ್ಲಿಸತಕ್ಕದ್ದು."

ಕಾಗದ ಹಿಡಿದು ಕಚೇರಿಗೆ ಹೋದೆ. ಸಾಹೇಬರಿಗೆ ವರ್ಗವಾಗಿತ್ತು. ಗುಮಾಸ್ತ ಓದಿ, ತಲೆ ಕೆರೆದುಕೊಂಡು ಕೇಳಿದ. "ಅವ್ರು ಊರಲ್ಲಿಲ್ವಾ?"

"ಸತ್ತು ನೂರೈವತ್ತು ವರ್ಷ ಆಯ್ತು," ಅಂದೆ.

"ಮೊದ್ಲೇ ಹೇಳ್ಬಾರ್ದಾ ಯಜಮಾನ್ರೇ? ಹಂಗಾದ್ರೆ ಮರಣ ಪತ್ರ ತನ್ನಿ. ವಾರಸುದಾರರು ಸಹಿ ಮಾಡಿದ್ರೂ ನಡೀತದೆ."

ಹದಿನೈದು ದಿನ ಮುಗಿಯಿತು. ಹದಿನಾರನೆಯ ದಿನ ರಸ್ತೆಯವರು ಬಂದರು. ಗಡಿ ಎಲ್ಲಿ ಅಂತ ಕೇಳಿದರು. ತೋರಿಸಿದೆ. ಗೋಡೆ ಎಲ್ಲಿ ಅಂದರು.

ಮಗುವಿನ ಗೋರಿ ಇದ್ದ ಕಡೆ ಈಗ ಚರಂಡಿ ಇದೆ.